ಪಂಜರದೊಳಗಿನ ಪಟ್ಟ ಮತ್ತು ಮನೆಯೊಳಗಿನ ಲೆಕ್ಕ

(ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಪೋಷಕರು ಮತ್ತು ಯುವಕರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನಮಗೆ ಕೊಟ್ಟಿದ್ದ ವಿಷಯ ‘ಯುವಜನರು ಮತ್ತು ವೃತ್ತಿ ಮಾರ್ಗದರ್ಶನ’ ಎಂಬುದು. ಇಂತಹ ಭಾಷಣಗಳಲ್ಲಿ ಏನನ್ನು ಹೇಳಲಾಗುತ್ತದೆಂಬುದು ನಿಮಗೆಲ್ಲ ಗೊತ್ತಿದೆ. ಐಎಎಸ್ ಪರೀಕ್ಷೆಗೆ ಕುಳಿತುಕೊಳ್ಳಿ, ಮೊಬೈಲ್ ಬಿಡಿ, ಬೆಳಿಗ್ಗೆ ಬೇಗ ಏಳಿ. ನಾವೂ ಅಂತಹದೊಂದು ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದೆವು. ಆದರೆ ಎರಡು ವಾರಗಳ ಹಿಂದೆ ಇದೇ ಬಡಾವಣೆಯ ತಾಯಿಯೊಬ್ಬರು ಕೇಳಿದ ಪ್ರಶ್ನೆಯು ಆ ಕಾಗದಗಳನ್ನು ಪಕ್ಕಕ್ಕಿಡುವಂತೆ ಮಾಡಿತು.

ಅವರ ಪತಿ ಆಟೋ ಓಡಿಸುತ್ತಾರೆ. ಮಗನಿಗೆ ಹತ್ತೊಂಬತ್ತು ವರ್ಷ, ಡಿಪ್ಲೊಮಾ ಎರಡನೆಯ ವರ್ಷ. ಮೂರನೆಯ ವರ್ಷದ ಶುಲ್ಕಕ್ಕೆಂದು ಚೀಟಿ ಎತ್ತಿ ತೆಗೆದಿಟ್ಟ ಹಣವಿದೆ. ಮಗನು ಅದನ್ನು ತನಗೆ ಕೊಡಿ ಎನ್ನುತ್ತಿದ್ದಾನೆ. ಕಾಲೇಜು ಬಿಟ್ಟು ಒಂದು ವರ್ಷ ಪೂರ್ತಿ ‘ಎಂಎಂಎ’ ತರಬೇತಿ ಪಡೆಯಬೇಕಂತೆ. ಅಂದರೆ ಗುದ್ದು, ಒದೆ, ಕುಸ್ತಿ, ಕತ್ತು ಹಿಚುಕುವ ಪಟ್ಟು ಎಲ್ಲವನ್ನೂ ಬೆರೆಸಿದ ಮಿಶ್ರ ಸಮರ ಕಲೆ. “ಭಾಯಿಸಾಬ್, ಸಿನಿಮಾ ಸೇರುತ್ತೇನೆ ಎಂದಿದ್ದರೆ ಬೈದುಬಿಡುತ್ತಿದ್ದೆ. ಇವನು ಖಬೀಬ್‌ನ ಹೆಸರು ಹೇಳುತ್ತಾನೆ. ಅವನು ನಮಾಝ್ ಬಿಡುವುದಿಲ್ಲ, ಹೆಂಡ ಮುಟ್ಟುವುದಿಲ್ಲ, ಕೋಟ್ಯಂತರ ಸಂಪಾದಿಸಿದ್ದಾನೆ, ಅವನು ಮಾಡಿದ್ದರಲ್ಲಿ ತಪ್ಪೇನು ಎಂದು ಕೇಳುತ್ತಾನೆ. ನಾನು ಏನೆಂದು ಉತ್ತರಿಸಲಿ?” ಎಂದು ಆ ತಾಯಿ ಕೇಳಿದರು.

ನಾವು ತಕ್ಷಣ ಉತ್ತರಿಸಲಿಲ್ಲ. ಉತ್ತರಿಸುವ ಧೈರ್ಯವಿರಲಿಲ್ಲ ಎಂದರೂ ಸರಿಯೇ. ಏಕೆಂದರೆ 2018ರ ಅಕ್ಟೋಬರ್ 7ರ ಭಾನುವಾರ ಬೆಳಿಗ್ಗೆ ನಾವು ಗೆಳೆಯನ ಮನೆಯಲ್ಲಿ ಕುಳಿತು, ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುತ್ತಿದ್ದ ಆ ಪಂದ್ಯವನ್ನು ಕಣ್ಣು ಮಿಟುಕಿಸದೆ ನೋಡಿದವರು. ಅಲ್ಲಿ ಇನ್ನೂ 6ನೇ ತಾರೀಖಿನ ರಾತ್ರಿ. ನಾಲ್ಕನೆಯ ಸುತ್ತಿನಲ್ಲಿ ಖಬೀಬ್ ನೂರ್‌ಮಗೊಮೆದೋವ್ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್‌ನ ಕತ್ತನ್ನು ಹಿಡಿದು ಸೋಲೊಪ್ಪಿಸಿದಾಗ ನಾವು ಎದ್ದು ನಿಂತು ಕೂಗಿದ್ದೆವು. ಮದ್ರಸಾದಲ್ಲಿ ಏಳು ವರ್ಷ ಕಲಿತವರು ನಾವು. ಆ ಹೊತ್ತಿನಲ್ಲಿ ಕಲಿತದ್ದು ಯಾವುದೂ ನೆನಪಿಗೆ ಬರಲಿಲ್ಲ.

ಆ ಕೂಗಿನ ಹಿಂದೆ ಏನಿತ್ತು ಎಂಬುದನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಆ ಪಂದ್ಯಕ್ಕೆ ಮುನ್ನ ತಿಂಗಳುಗಟ್ಟಲೆ ಖಬೀಬ್‌ನ ಧರ್ಮ, ನಾಡು ಮತ್ತು ತಂದೆಯನ್ನು ಹೀಯಾಳಿಸಲಾಗಿತ್ತು. ಪತ್ರಿಕಾಗೋಷ್ಠಿಯಲ್ಲಿ ಅವನ ಮುಂದೆ ವಿಸ್ಕಿಯ ಲೋಟವನ್ನು ಚಾಚಿ, ಅವನು ಬೇಡವೆಂದಾಗ ಅಣಕಿಸಲಾಗಿತ್ತು. ಹೆಸರು ಕೇಳಿದ ಮಾತ್ರಕ್ಕೆ ಬಾಡಿಗೆ ಮನೆ ಇಲ್ಲವೆಂದು ಬಾಗಿಲು ಹಾಕಿಸಿಕೊಂಡ ಹುಡುಗನಿಗೆ, ಪೇಟೆಯಲ್ಲಿ ಗಡ್ಡದ ಕಾರಣಕ್ಕೆ ವಿಚಿತ್ರ ನೋಟಗಳನ್ನು ಎದುರಿಸುವ ಹುಡುಗನಿಗೆ, ಆ ಲೋಟವನ್ನು ನಿರಾಕರಿಸಿದವನು ಗೆದ್ದದ್ದು ತಾನೇ ಗೆದ್ದಂತೆ ಅನಿಸಿದರೆ ಆಶ್ಚರ್ಯವಿಲ್ಲ. ನಮ್ಮ ಮಕ್ಕಳು ಖಬೀಬ್‌ನಲ್ಲಿ ಹುಡುಕುತ್ತಿರುವುದು ಸ್ನಾಯುಬಲವನ್ನಷ್ಟೇ ಎಂದು ಭಾವಿಸುವ ಹಿರಿಯರು ಮಕ್ಕಳನ್ನು ಅರಿತಿಲ್ಲ.

ಆದರೆ ಮುಂದಿನದನ್ನೂ ಹೇಳಬೇಕು. ಗೆದ್ದ ಕ್ಷಣದಲ್ಲೇ ಖಬೀಬ್ ಪಂಜರದ ಬೇಲಿ ಹಾರಿ ಎದುರಾಳಿಯ ಕಡೆಯವರ ಮೇಲೆ ಎರಗಿದ. ಗಲಭೆಯಾಯಿತು. ಅದೇ ರಾತ್ರಿ ಪತ್ರಕರ್ತರ ಮುಂದೆ ಅವನು ಕ್ಷಮೆ ಕೇಳಿದ. ಅವನ ತಂದೆ ಹಾಗೂ ಗುರು ಅಬ್ದುಲ್ ಮನಾಫ್ ಅವರು ಮಗನನ್ನು ಸಮರ್ಥಿಸಿಕೊಳ್ಳಲಿಲ್ಲ. ತನಗೆ ಶಿಸ್ತೇ ಮುಖ್ಯ, ಸಂಸ್ಥೆ ಕೊಡುವ ಶಿಕ್ಷೆಗಿಂತ ತನ್ನ ಶಿಕ್ಷೆ ಕಠಿಣವಾಗಿರುತ್ತದೆ ಎಂದು ಬಹಿರಂಗವಾಗಿ ಹೇಳಿದರು. ನೆವಾಡಾದ ಕ್ರೀಡಾ ಆಯೋಗವು ಅವನಿಗೆ ಒಂಬತ್ತು ತಿಂಗಳ ನಿಷೇಧ ಮತ್ತು 5 ಲಕ್ಷ ಡಾಲರ್ ದಂಡ ವಿಧಿಸಿತು. ಕುಸ್ತಿಯಲ್ಲಿ ಇನ್ನೊಬ್ಬನನ್ನು ಕೆಡಹುವವನಿಗಿಂತ ಕೋಪದ ಗಳಿಗೆಯಲ್ಲಿ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂಬ ಪ್ರವಾದಿವಚನವನ್ನು(ಸ) ಮಕ್ತಬ್‌ನ ಮಕ್ಕಳೂ ಬಲ್ಲರು. ಅಂದು ಅದು ನೆನಪಾದದ್ದು ಆ ತಂದೆಗೆ, ನಮಗಲ್ಲ.

ಈಗ ಹಣದ ವಿಷಯಕ್ಕೆ ಬರೋಣ. ಆ ತಾಯಿಯ ಪ್ರಶ್ನೆಯ ಅರ್ಧಭಾಗ ಹಣದ್ದೇ.

ಆ ರಾತ್ರಿಯ ಪಂದ್ಯಕ್ಕೆ ಖಬೀಬ್‌ಗೆ ಘೋಷಿತ ಸಂಭಾವನೆ 20 ಲಕ್ಷ ಡಾಲರ್, ಮೆಕ್‌ಗ್ರೆಗರ್‌ಗೆ 30 ಲಕ್ಷ ಡಾಲರ್. ಆಗಿನ ವಿನಿಮಯ ದರದಲ್ಲಿ ಖಬೀಬ್‌ನ ಪಾಲು ಹದಿನಾಲ್ಕೂವರೆ ಕೋಟಿ ರೂಪಾಯಿಯ ಆಸುಪಾಸು. ನಮ್ಮ ಹುಡುಗರು ಈ ಅಂಕಿಯನ್ನು ಕಂಠಪಾಠ ಮಾಡಿದ್ದಾರೆ. ಅದರ ಪಕ್ಕದಲ್ಲಿರುವ ಅಂಕಿಗಳನ್ನು ಓದಿದವರು ಕಡಿಮೆ. ಆ ಪಂದ್ಯದ ಟಿಕೆಟ್ ಮಾರಾಟದಿಂದ ಬಂದದ್ದೇ 1 ಕೋಟಿ 72 ಲಕ್ಷ ಡಾಲರ್. ಮನೆಯಲ್ಲಿ ಕುಳಿತು ಹಣ ಕೊಟ್ಟು ನೋಡುವ ‘ಪೇ ಪರ್ ವ್ಯೂ’ ಸಂಪರ್ಕಗಳು ಸುಮಾರು 24 ಲಕ್ಷ ಮಾರಾಟವಾದವು. ಒಂದೊಂದರ ಬೆಲೆ ಸುಮಾರು 65 ಡಾಲರ್. ಗುಣಿಸಿ ನೋಡಿ, 15 ಕೋಟಿ ಡಾಲರ್ ಮೀರುತ್ತದೆ. ಕೇಬಲ್ ಕಂಪೆನಿಗಳ ಪಾಲನ್ನು ಕಳೆಯಬೇಕು, ಒಪ್ಪೋಣ. ತಾರಾ ಹೋರಾಟಗಾರರಿಗೆ ಈ ಮಾರಾಟದಲ್ಲಿ ಗುಪ್ತ ಪಾಲು ಇರುತ್ತದೆ, ಅದನ್ನೂ ಒಪ್ಪೋಣ. ಎಷ್ಟು ಕಳೆದರೂ ಕೂಡಿದರೂ ದೊಡ್ಡ ಗಂಟು ಹೋಗುವುದು ಗುದ್ದು ತಿಂದವನ ಮನೆಗಲ್ಲ.

ಯುಎಫ್‌ಸಿ ಎಂಬ ಈ ಸಂಸ್ಥೆಯ ಚರಿತ್ರೆಯೇ ಒಂದು ಪಾಠ. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಅದರ ಮೊದಲ ಪಂದ್ಯಾವಳಿ ನಡೆಯಿತು. ಗೆದ್ದ ಬ್ರೆಝಿಲ್‌ನ ರಾಯ್ಸ್ ಗ್ರೇಸಿಗೆ ಬಹುಮಾನ 50,000 ಡಾಲರ್. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕವೆಂದು ಜರಿದು ಹಲವು ರಾಜ್ಯಗಳಲ್ಲಿ ನಿಷೇಧಕ್ಕೆ ಕಾರಣರಾದರು. ಮುಳುಗುತ್ತಿದ್ದ ಸಂಸ್ಥೆಯನ್ನು 2001ರಲ್ಲಿ ಲಾಸ್ ವೇಗಸ್‌ನ ಕ್ಯಾಸಿನೊ ಮಾಲೀಕರಾದ ಇಬ್ಬರು ಸಹೋದರರು 20 ಲಕ್ಷ ಡಾಲರ್‌ಗೆ ಕೊಂಡರು. ಗಮನಿಸಿ, ಖಬೀಬ್‌ಗೆ ಒಂದು ರಾತ್ರಿಗೆ ಕೊಟ್ಟಷ್ಟೇ ಮೊತ್ತಕ್ಕೆ ಇಡೀ ಸಂಸ್ಥೆ. 2016ರಲ್ಲಿ ಅದನ್ನು ಮಾರಿದ್ದು ಸುಮಾರು 400 ಕೋಟಿ ಡಾಲರ್‌ಗೆ. 2025ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಕಂಪೆನಿಯು ಏಳು ವರ್ಷಗಳ ಪ್ರಸಾರ ಹಕ್ಕಿಗಾಗಿ 770 ಕೋಟಿ ಡಾಲರ್ ಕೊಡುವ ಒಪ್ಪಂದವನ್ನು ಘೋಷಿಸಿತು.

ಇದರಲ್ಲಿ ಹೋರಾಟಗಾರರಿಗೆ ಎಷ್ಟು? ಈ ಪ್ರಶ್ನೆಯನ್ನು ಹೋರಾಟಗಾರರೇ 2014ರಲ್ಲಿ ನ್ಯಾಯಾಲಯಕ್ಕೆ ಒಯ್ದರು. ಸಂಸ್ಥೆಯು ಮಾರುಕಟ್ಟೆಯನ್ನು ಏಕಸ್ವಾಮ್ಯಕ್ಕೆ ತೆಗೆದುಕೊಂಡು ತಮ್ಮ ಸಂಭಾವನೆಯನ್ನು ಅದುಮಿಟ್ಟಿದೆ ಎಂಬುದು ಅವರ ದೂರು. ಆ ಮೊಕದ್ದಮೆಯಲ್ಲಿ ಹೊರಬಂದ ದಾಖಲೆಗಳ ಪ್ರಕಾರ ಆದಾಯದಲ್ಲಿ ಹೋರಾಟಗಾರರ ಪಾಲು ನೂರಕ್ಕೆ ಇಪ್ಪತ್ತನ್ನೂ ಮುಟ್ಟುತ್ತಿರಲಿಲ್ಲ. ಅದೇ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಆಟಗಾರರಿಗೆ ಆದಾಯದ ಸುಮಾರು ಅರ್ಧ ಸಲ್ಲುತ್ತದೆ. ಏಕೆಂದರೆ ಅವರಿಗೆ ಸಂಘವಿದೆ, ಸಾಮೂಹಿಕ ಚೌಕಾಶಿಯ ಹಕ್ಕಿದೆ. 2024ರ ಜುಲೈನಲ್ಲಿ 33.5 ಕೋಟಿ ಡಾಲರ್‌ಗಳ ರಾಜಿಯನ್ನು ನ್ಯಾಯಾಧೀಶರು ತಿರಸ್ಕರಿಸಿದರು. ಕೊನೆಗೆ 37.5 ಕೋಟಿ ಡಾಲರ್‌ಗಳ, ಅಂದರೆ ಮೂರು ಸಾವಿರ ಕೋಟಿ ರೂಪಾಯಿಗೂ ಮಿಗಿಲಾದ ರಾಜಿಗೆ 2025ರ ಫೆಬ್ರವರಿಯಲ್ಲಿ ಅಂತಿಮ ಒಪ್ಪಿಗೆ ಸಿಕ್ಕಿತು. ಪಂಜರದೊಳಗೆ ಎದೆಯುಬ್ಬಿಸಿ ನಿಲ್ಲುವ ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಕೂಲಿಗಾಗಿ ಹತ್ತು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಮ್ಮ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಈ ಕಥೆ ಹೊಸದೆನಿಸಲಾರದು.

ಇಲ್ಲಿ ಒಂದು ವಿಪರ್ಯಾಸವಿದೆ. ಬಾಕ್ಸಿಂಗ್ ಪಟುಗಳನ್ನು ದಲ್ಲಾಳಿಗಳ ಶೋಷಣೆಯಿಂದ ರಕ್ಷಿಸಲು ಅಮೆರಿಕವು 2000ದಲ್ಲಿ ಒಂದು ಕಾನೂನು ಮಾಡಿತು. ಪಂದ್ಯದಿಂದ ತನಗೆಷ್ಟು ಆದಾಯ ಬಂತೆಂಬುದನ್ನು ಆಯೋಜಕನು ಪಟುವಿಗೆ ತಿಳಿಸಲೇಬೇಕೆಂಬುದು ಅದರ ಮುಖ್ಯಾಂಶ. ಆ ಕಾನೂನಿಗೆ ಇಟ್ಟ ಹೆಸರು ಮುಹಮ್ಮದ್ ಅಲಿಯವರದು. ಆದರೆ ಅದು ಬಾಕ್ಸಿಂಗ್‌ಗೆ ಮಾತ್ರ. ಖಬೀಬ್ ಹೋರಾಡಿದ ಮಿಶ್ರ ಸಮರ ಕಲೆಗೆ ಅನ್ವಯಿಸುವುದಿಲ್ಲ.

ಅಲಿಯವರ ಹೆಸರಿನಲ್ಲಿ ಕಾನೂನು ಏಕೆ ಬಂತು? 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆನೆಂದ ಕಾರಣಕ್ಕೆ ಪಟ್ಟವನ್ನೂ ಪರವಾನಿಗೆಯನ್ನೂ ಕಳೆದುಕೊಂಡು, ದೇಹ ಉತ್ತುಂಗದಲ್ಲಿದ್ದ ಮೂರೂವರೆ ವರ್ಷಗಳನ್ನು ರಿಂಗ್‌ನ ಹೊರಗೆ ಕಳೆದವರು ಅವರು. 1974ರಲ್ಲಿ ಕಿನ್ಶಾಸಾದಲ್ಲಿ ಫೋರ್‌ಮನ್ ವಿರುದ್ಧದ ಪಂದ್ಯಕ್ಕೆ 50 ಲಕ್ಷ ಡಾಲರ್ ಪಡೆದರು. ಆ ಕಾಲಕ್ಕೆ ಅದು ಊಹಾತೀತ ಮೊತ್ತ. 1980ರ ಆರಂಭದಲ್ಲಿ ಮದರಾಸಿಗೆ ಬಂದು ಪ್ರದರ್ಶನ ಪಂದ್ಯವಾಡಿದರು. ಕಂಟೋನ್ಮೆಂಟಿನಿಂದ ರೈಲು ಹತ್ತಿ ಹೋಗಿ ಅವರನ್ನು ಕಣ್ಣಾರೆ ಕಂಡ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದರು. ಆ ಮಾತನ್ನು ಹಜ್ ಯಾತ್ರೆಯ ಅನುಭವಕ್ಕಿಂತ ಹೆಚ್ಚು ಸಲ ಹೇಳುತ್ತಿದ್ದರು. ಅಲ್ಲಾಹನು ಅವರನ್ನು ಕ್ಷಮಿಸಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೂವತ್ತೆಂಟರ ಅಲಿ ಲ್ಯಾರಿ ಹೋಮ್ಸ್ ಎದುರು ನಿಂತು ಹತ್ತು ಸುತ್ತು ಹೊಡೆಸಿಕೊಂಡರು. ಮಾತಾಡಿಕೊಂಡಿದ್ದ 80 ಲಕ್ಷ ಡಾಲರ್‌ನಲ್ಲಿ 11 ಲಕ್ಷಕ್ಕೂ ಮಿಗಿಲಾದ ಮೊತ್ತವನ್ನು ಆಯೋಜಕ ಡಾನ್ ಕಿಂಗ್ ಕೊಡಲಿಲ್ಲ. ಅಲಿ ಮೊಕದ್ದಮೆ ಹೂಡಿ, ಕೊನೆಗೆ ಕೇವಲ 50,000 ಡಾಲರ್‌ಗೆ ರಾಜಿಯಾದರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ಮಾತಿನ ಮಲ್ಲನೆನಿಸಿದ್ದ ಮನುಷ್ಯ ಬದುಕಿನ ಕೊನೆಯ ವರ್ಷಗಳನ್ನು ಬಹುತೇಕ ಮೌನದಲ್ಲಿ ಕಳೆದು 2016ರ ಜೂನ್‌ನಲ್ಲಿ ತೀರಿಕೊಂಡರು.

ಮತ್ತೆ ಖಬೀಬ್‌ಗೆ ಬರೋಣ. ಆತ 2018ರ ಒಂದು ಬೆಳಿಗ್ಗೆ ಕೋಟ್ಯಧಿಪತಿಯಾಗಿ ಎದ್ದವನಲ್ಲ. 1988ರಲ್ಲಿ ದಾಗೆಸ್ತಾನದ ಸಿಲ್ದಿ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿ, ಬಾಲ್ಯದಿಂದಲೇ ತಂದೆಯ ಕೈಕೆಳಗೆ ಕುಸ್ತಿ, ನಂತರ ಜೂಡೊ, ನಂತರ ರಷ್ಯಾದ ಸಾಂಬೊ ಕಲಿತವನು. ವೃತ್ತಿಪರನಾದದ್ದು 2008ರಲ್ಲಿ. ರಷ್ಯಾ, ಉಕ್ರೇನುಗಳಲ್ಲಿ ಹದಿನಾರು ಪಂದ್ಯ ಗೆದ್ದ ಬಳಿಕ 2012ರ ಜನವರಿಯಲ್ಲಿ ಯುಎಫ್‌ಸಿ ಪ್ರವೇಶ. ಪಟ್ಟ ಸಿಕ್ಕಿದ್ದು 2018ರ ಏಪ್ರಿಲ್‌ನಲ್ಲಿ. ನಡುವೆ 2014ರ ಏಪ್ರಿಲ್‌ನಿಂದ 2016ರ ಏಪ್ರಿಲ್‌ವರೆಗೆ ಎರಡು ವರ್ಷ ಗಾಯಗಳಿಂದಾಗಿ ಒಂದು ಪಂದ್ಯವೂ ಇಲ್ಲ. ಪಂದ್ಯವಿಲ್ಲವೆಂದರೆ ಸಂಭಾವನೆಯಿಲ್ಲ; ಇದು ತಿಂಗಳ ಸಂಬಳದ ಕೆಲಸವಲ್ಲ. 2017ರ ಮಾರ್ಚ್‌ನಲ್ಲಿ 70 ಕಿಲೋ ವಿಭಾಗಕ್ಕೆ ತೂಕ ಇಳಿಸುವ ಭರದಲ್ಲಿ ಆಸ್ಪತ್ರೆ ಸೇರಿದ, ಪಂದ್ಯವೇ ರದ್ದಾಯಿತು. ಎರಡು ವರ್ಷದ ಆ ಖಾಲಿ ಅವಧಿಯಲ್ಲಿ ಅವನ ಹಿಂದೆ ಮನೆಯಿತ್ತು, ತಂದೆಯಿದ್ದರು, ಕುಸ್ತಿಯನ್ನೇ ಬದುಕಾಗಿಸಿಕೊಂಡ ಒಂದು ಇಡೀ ನಾಡಿತ್ತು. ನಮ್ಮ ಹುಡುಗನ ಹಿಂದೆ ಇರುವುದು ಒಂದು ಆಟೋ.

2020ರ ಜುಲೈ 3ರಂದು ಅಬ್ದುಲ್ ಮನಾಫ್ ಅವರು ಕೊರೋನಾ ನಂತರದ ತೊಡಕುಗಳಿಂದ ತೀರಿಕೊಂಡರು. ಅಕ್ಟೋಬರ್ 24ರಂದು ಅಬುಧಾಬಿಯಲ್ಲಿ ಜಸ್ಟಿನ್ ಗೇಜಿಯನ್ನು ಸೋಲಿಸಿದ ಖಬೀಬ್, ಪಂಜರದ ನಡುವೆ ಮುಖ ನೆಲಕ್ಕಿಟ್ಟು ಅತ್ತ. ತಂದೆಯಿಲ್ಲದೆ ಹೋರಾಡಬಾರದೆಂದು ತಾಯಿ ಬಯಸಿದ್ದಾರೆ, ಇದೇ ಕೊನೆಯ ಪಂದ್ಯವೆಂದು ಅವರಿಗೆ ಮಾತು ಕೊಟ್ಟಿದ್ದೇನೆ ಎಂದು ತಿಳಿಸಿ ಕೈಗವಸು ಬಿಚ್ಚಿಟ್ಟ. 29 ಪಂದ್ಯ, 29 ಗೆಲುವು, ವಯಸ್ಸು ಮೂವತ್ತೆರಡು. ಮತ್ತೆ ಮರಳಲಿಲ್ಲ. ಯುವಮಿತ್ರರೇ, ಅವನ ಬೇಲಿ ಹಾರಿದ ದೃಶ್ಯವನ್ನು ನೂರು ಸಲ ನೋಡಿದ್ದೀರಿ, ಈ ದೃಶ್ಯವನ್ನೂ ಒಮ್ಮೆ ನೋಡಿ.

ಎದುರಾಳಿಯ ಲೆಕ್ಕವನ್ನೂ ಹೇಳಿಬಿಡುತ್ತೇವೆ. 2021ರಲ್ಲಿ ‘ಫೋರ್ಬ್ಸ್’ ಪತ್ರಿಕೆಯು ಜಗತ್ತಿನ ಅತ್ಯಧಿಕ ಸಂಪಾದನೆಯ ಕ್ರೀಡಾಪಟುವೆಂದು ಹೆಸರಿಸಿದ್ದು ಮೆಕ್‌ಗ್ರೆಗರ್‌ನನ್ನು, 18 ಕೋಟಿ ಡಾಲರ್. ಅದರಲ್ಲಿ ಹೋರಾಟದಿಂದ ಬಂದದ್ದು 2.2 ಕೋಟಿ ಮಾತ್ರ. ಉಳಿದ 15.8 ಕೋಟಿ ಹೊರಗಿನಿಂದ. ಅದರ ಬಹುಭಾಗ ಅವನು ಕಟ್ಟಿದ ವಿಸ್ಕಿ ಕಂಪೆನಿಯ ಪಾಲನ್ನು ಮಾರಿದ್ದರಿಂದ. ಖಬೀಬ್‌ನ ಮುಂದೆ ಚಾಚಿದ ಲೋಟದಲ್ಲಿದ್ದದ್ದು ಅದೇ ವಿಸ್ಕಿ. ಪಂಜರದೊಳಗೆ ಯಾರು ಗೆದ್ದರು, ಪಂಜರದ ಹೊರಗೆ ಯಾರ ಪೆಟ್ಟಿಗೆ ತುಂಬಿತು ಎಂಬುದನ್ನು ನೋಡಿದರೆ ಈ ಉದ್ಯಮದ ಸ್ವಭಾವ ಅರ್ಥವಾಗುತ್ತದೆ. ಅಂಕಣದ ನೆಲದ ಮೇಲೆ, ಬೇಲಿಯ ಕಂಬಗಳ ಮೇಲೆ ಯಾವ ಯಾವ ಮದ್ಯದ, ಜೂಜಿನ ಕಂಪೆನಿಗಳ ಹೆಸರುಗಳಿರುತ್ತವೆ ಎಂಬುದನ್ನು ಮುಂದಿನ ಬಾರಿ ಲಕ್ಷ್ಯವಿಟ್ಟು ನೋಡಿ. ಹೋರಾಟಗಾರ ಹೆಂಡ ಮುಟ್ಟದಿರಬಹುದು. ಅವನು ನಿಂತ ನೆಲವನ್ನು ಯಾರು ಕೊಂಡಿದ್ದಾರೆಂಬ ಪ್ರಶ್ನೆ ಉಳಿಯುತ್ತದೆ. ಆಳುವವರೂ ಹಿಂದೆ ಬಿದ್ದಿಲ್ಲ. ಲಾಸ್ ವೇಗಸ್ ಪಂದ್ಯದ ನಾಲ್ಕೇ ದಿನಗಳಲ್ಲಿ ಅಧ್ಯಕ್ಷ ಪುಟಿನ್ ತಂದೆ-ಮಗನನ್ನು ಕರೆಸಿ ಕೈಕುಲುಕಿದರು.

ಹಾಗಾದರೆ ಸಾಮಾನ್ಯ ಹೋರಾಟಗಾರನ ಗತಿಯೇನು? ಯುಎಫ್‌ಸಿಯ ಹೊಸಬರ ಒಪ್ಪಂದ ಸಾಮಾನ್ಯವಾಗಿ ಹೀಗಿರುತ್ತದೆ: ಅಂಕಣಕ್ಕಿಳಿದರೆ ಹತ್ತು-ಹನ್ನೆರಡು ಸಾವಿರ ಡಾಲರ್, ಗೆದ್ದರೆ ಅಷ್ಟೇ ಮತ್ತೊಂದು. ಸೋತವನಿಗೆ ಅರ್ಧ. ವರ್ಷಕ್ಕೆ ಮೂರು ಪಂದ್ಯ, ಎರಡು ಗೆಲುವು ಎಂದುಕೊಳ್ಳೋಣ, 60,000 ಡಾಲರ್. ಅದರಲ್ಲಿ ತರಬೇತುದಾರನ ಪಾಲು, ಮ್ಯಾನೇಜರನ ಪಾಲು, ತೆರಿಗೆ, ತಿಂಗಳುಗಟ್ಟಲೆ ಶಿಬಿರದ ಖರ್ಚು. ಅರ್ಧ ಉಳಿದರೆ ಪುಣ್ಯ. ಆದರೂ ಇಪ್ಪತ್ತೈದು ಲಕ್ಷ ರೂಪಾಯಿ! ನಮ್ಮ ಬಡಾವಣೆಯ ಯಾವ ಮನೆಗೂ ಇದು ಸಣ್ಣ ಹಣವಲ್ಲ. ಈ ಸತ್ಯವನ್ನು ಮುಚ್ಚಿಟ್ಟು ಹುಡುಗರಿಗೆ ಬುದ್ಧಿ ಹೇಳಿದರೆ ಅವರು ನಮ್ಮನ್ನು ನಂಬುವುದಿಲ್ಲ, ನಂಬಲೂ ಬಾರದು.

ಆದರೆ ಅಲ್ಲಿಗೆ ತಲುಪಿದ ಭಾರತೀಯರು ಎಷ್ಟು ಮಂದಿ? 2017ರಲ್ಲಿ ಮುಂಬೈಯ ಭರತ್ ಖಂದಾರೆ ಮೊದಲಿಗರಾಗಿ ಶಾಂಘಾಯಿಯಲ್ಲಿ ಹೋರಾಡಿ ಸೋತರು. 2023ರ ಫೆಬ್ರವರಿಯಲ್ಲಿ ಉತ್ತರಾಖಂಡದ ಅಂಶುಲ್ ಜುಬ್ಲಿ ಅರ್ಹತಾ ಪಂದ್ಯಾವಳಿ ಗೆದ್ದು ಒಪ್ಪಂದ ಪಡೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೋತರು, 2025ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ 19 ಸೆಕೆಂಡುಗಳಲ್ಲಿ ನೆಲಕ್ಕುರುಳಿದರು. 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯರಾದರು. ನೂರನಲವತ್ತು ಕೋಟಿ ಜನರ ದೇಶದಲ್ಲಿ ಬೆರಳೆಣಿಕೆಯ ಹೆಸರುಗಳು. ನಮ್ಮೂರುಗಳಲ್ಲಿ ನಡೆಯುವ ಹವ್ಯಾಸಿ ಪಂದ್ಯಗಳಲ್ಲಿ ಸಂಭಾವನೆಯ ಮಾತಿರಲಿ, ಪ್ರವೇಶ ಶುಲ್ಕವನ್ನು ಹುಡುಗನೇ ಕಟ್ಟಬೇಕಾಗುತ್ತದೆ.

ಈ ಹವ್ಯಾಸಿ ಪಂದ್ಯಗಳ ಬಗ್ಗೆಯೇ ನಮಗೆ ಹೆಚ್ಚಿನ ಭಯ. 2022ರ ಜುಲೈನಲ್ಲಿ ಇದೇ ಬೆಂಗಳೂರಿನ ಜ್ಞಾನಜ್ಯೋತಿ ನಗರದಲ್ಲಿ ಕಿಕ್ ಬಾಕ್ಸಿಂಗ್ ಪಂದ್ಯವೊಂದು ನಡೆಯಿತು. ಮೈಸೂರಿನಿಂದ ಬಂದಿದ್ದ ಇಪ್ಪತ್ತರ ಹರೆಯದ ಯುವಕನೊಬ್ಬ ಮುಖಕ್ಕೆ ಬಿದ್ದ ಏಟಿಗೆ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಕೆಲವು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ಸ್ಥಳದಲ್ಲಿ ವೈದ್ಯರಿರಲಿಲ್ಲ, ಆಂಬುಲೆನ್ಸ್ ಇರಲಿಲ್ಲ ಎಂದು ಮನೆಯವರು ಆರೋಪಿಸಿದರು. ನಿರ್ಲಕ್ಷ್ಯದ ಮೊಕದ್ದಮೆ ದಾಖಲಾಯಿತು. ಆ ಯುವಕ ಅನನುಭವಿಯಲ್ಲ, ಚಿಕ್ಕಂದಿನಿಂದ ಕಲಿತವನು. ಅವನ ಕೊನೆಯ ಪಂದ್ಯದ ದೃಶ್ಯ ಲಕ್ಷಾಂತರ ಮೊಬೈಲ್‌ಗಳಲ್ಲಿ ಓಡಾಡಿತು. ನಮಗೂ ಬಂದಿತ್ತು, ಪೂರ್ತಿ ನೋಡಲಾಗಲಿಲ್ಲ.

ತೂಕ ಇಳಿಸುವ ಪಿಡುಗನ್ನೂ ತಾಯಂದಿರು ತಿಳಿದಿರಬೇಕು. ಕಡಿಮೆ ತೂಕದ ವಿಭಾಗದಲ್ಲಿ ಹೋರಾಡಲೆಂದು ಪಂದ್ಯದ ಮುನ್ನಾದಿನಗಳಲ್ಲಿ ನೀರು ಬಿಟ್ಟು, ಬೆವರಿಳಿಸಿ ಕೆಲವೇ ದಿನಗಳಲ್ಲಿ ಹಲವು ಕಿಲೋ ಕಳೆಯುತ್ತಾರೆ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಇಪ್ಪತ್ತೊಂದು ವರ್ಷದ ಚೀನೀ ಹೋರಾಟಗಾರನೊಬ್ಬ ಹೀಗೆಯೇ ಪ್ರಾಣ ಬಿಟ್ಟ. ಆ ಬಳಿಕ ಏಷ್ಯಾದ ಆ ಸಂಸ್ಥೆಯು ನಿರ್ಜಲೀಕರಣದ ಮೂಲಕ ತೂಕ ಇಳಿಸುವುದನ್ನು ನಿಷೇಧಿಸಿತು. ಮಗ ಊಟ ಬಿಟ್ಟು, ಈ ಸೆಕೆಯಲ್ಲಿ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಔಟರ್ ರಿಂಗ್ ರೋಡಿನಲ್ಲಿ ಓಡುತ್ತಿದ್ದರೆ ಅದು ವ್ಯಾಯಾಮವಲ್ಲವೆಂದು ತಿಳಿಯಿರಿ.

ಶರೀಅತ್ ಏನು ಹೇಳುತ್ತದೆ ಎಂದು ಕೆಲವರು ಚೀಟಿ ಕಳುಹಿಸಿದ್ದೀರಿ. ದೇಹ ಬಲಪಡಿಸುವುದನ್ನು, ಕುಸ್ತಿಯನ್ನು, ಈಜನ್ನು, ಬಿಲ್ಲುಗಾರಿಕೆಯನ್ನು ಇಸ್ಲಾಮ್ ಮೆಚ್ಚಿದೆ. ಪ್ರವಾದಿಯವರು(ಸ) ಸ್ವತಃ ರುಕಾನಾ ಎಂಬ ಮಲ್ಲನೊಡನೆ ಕುಸ್ತಿಯಾಡಿದ ವರದಿಯಿದೆ. ಆದರೆ ಮುಖಕ್ಕೆ ಹೊಡೆಯಬಾರದೆಂಬ ಸ್ಪಷ್ಟ ಆದೇಶವೂ ಇದೆ. 1987ರಲ್ಲಿ ಮಕ್ಕಾದಲ್ಲಿ ಸೇರಿದ್ದ ವಿದ್ವಾಂಸರ ಫಿಕ್ಹ್ ಮಂಡಳಿಯು ಬಾಕ್ಸಿಂಗನ್ನೂ ಎದುರಾಳಿಗೆ ಹಾನಿಯೆಸಗಲು ಬಿಡುವ ಮುಕ್ತ ಮಲ್ಲಯುದ್ಧವನ್ನೂ ನಿಷಿದ್ಧವೆಂದಿತು. ಹಾನಿಯಿಲ್ಲದ, ದೇಹ ಸಾಧನೆಗಾಗಿನ ಕುಸ್ತಿಗೆ ಅಡ್ಡಿಯಿಲ್ಲವೆಂದಿತು. ಮುಖಕ್ಕೆ ಗುದ್ದುವುದೇ ನಿಯಮವಾಗಿರುವ ಆಟದ ಬಗ್ಗೆ ಇದರಿಂದ ಏನು ಹೊರಡುತ್ತದೆಂಬುದು ಮುಚ್ಚುಮರೆಯ ಸಂಗತಿಯಲ್ಲ. ಖಬೀಬ್‌ನ ನಮಾಝನ್ನು ನಾವು ಗೌರವಿಸುತ್ತೇವೆ. ಅದು ಅವನ ವೃತ್ತಿಗೆ ಫತ್ವಾ ಆಗಲಾರದು.

ಹಾಗೆಂದು ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕಿ ಎನ್ನುತ್ತಿಲ್ಲ. ಕಾದಾಟದ ಕಲೆ ನಮಗೆ ಟೀವಿಯಿಂದ ಬಂದದ್ದಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಹಿಂದೂ ಪೈಲ್ವಾನರೂ ಮುಸ್ಲಿಮ್ ಪೈಲ್ವಾನರೂ ಒಂದೇ ಕೆಮ್ಮಣ್ಣಿನಲ್ಲಿ ಹೊರಳಿದವರು. ಅಲ್ಲಿಯೂ ಗುರುವಿಗೆ ‘ಉಸ್ತಾದ್’ ಎನ್ನುತ್ತಾರೆ, ಮದ್ರಸಾದಲ್ಲಿ ನಾವು ಕರೆಯುತ್ತಿದ್ದ ಹಾಗೆಯೇ. ಅವರ ಕೈಯ ಏಟಿನಲ್ಲೂ ಹೆಚ್ಚು ವ್ಯತ್ಯಾಸವಿರಲಿಕ್ಕಿಲ್ಲ. ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವಾಗ ತೂಕ, ವಯಸ್ಸು, ಅನುಭವ ನೋಡಿ ಸಮಬಲರನ್ನು ಎದುರುಬದುರು ನಿಲ್ಲಿಸುವರು. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಆಧುನಿಕ ಪಂಜರದ ಆಟಕ್ಕಿಂತ ಉಗ್ರವೆಂದು ತೋರುತ್ತದೆ. ಆದರೆ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಪಂಜರದೊಳಗೆ ರಕ್ತ ಕಂಡಾಗ ಚಪ್ಪಾಳೆ ಏರುತ್ತದೆ.

ಹಳೆಯ ಕಾಲವೆಲ್ಲ ಬಂಗಾರವಾಗಿತ್ತೆಂದೂ ಹೇಳಲಾರೆವು. ಗಾಮಾ ಪೈಲ್ವಾನನ ಹೆಸರು ಕೇಳಿರುತ್ತೀರಿ. 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಝಿಬಿಸ್ಕೊನನ್ನು ಎರಡೂವರೆ ಗಂಟೆ ನೆಲಕ್ಕಂಟಿಸಿ ಹಿಡಿದವನು. ಮರುಪಂದ್ಯಕ್ಕೆ ಅವನು ಬಾರದಿದ್ದಾಗ ಪದಕದ ಪಟ್ಟಿಯನ್ನೂ 250 ಪೌಂಡನ್ನೂ ಪಡೆದವನು. 1928ರಲ್ಲಿ ಪಟಿಯಾಲದಲ್ಲಿ ಅದೇ ಝಿಬಿಸ್ಕೊನನ್ನು ಒಂದು ನಿಮಿಷದೊಳಗೆ ಕೆಡವಿದ. ರಾಜರ ಆಶ್ರಯ ಮುಗಿದ ಮೇಲೆ ಆ ಅಜೇಯ ಮಲ್ಲ ಲಾಹೋರಿನಲ್ಲಿ ಬಡತನ ಮತ್ತು ಕಾಯಿಲೆಯಲ್ಲಿ ದಿನ ತಳ್ಳಿ 1960ರಲ್ಲಿ ತೀರಿಕೊಂಡ.

ನಮ್ಮ ಈ ಭಾಗದ ಹಿರಿಯರಿಗೆ ಇನ್ನೊಂದು ಮಾದರಿ ನೆನಪಿರಬೇಕು. ಪಕ್ಕದ ದೂರವಾಣಿ ನಗರದ ಐಟಿಐ ಕಾರ್ಖಾನೆಗೆ ತನ್ನದೇ ಫುಟ್ಬಾಲ್ ತಂಡವಿತ್ತು. ಹುಡುಗ ಆಡುತ್ತಿದ್ದ, ಜೊತೆಗೆ ಸಂಬಳ, ಭವಿಷ್ಯ ನಿಧಿ, ಕ್ವಾರ್ಟರ್ಸ್. ಮೊಣಕಾಲು ಕೈಕೊಟ್ಟರೆ ಮೇಜಿನ ಮುಂದೆ ಒಂದು ಕುರ್ಚಿ ಕಾದಿರುತ್ತಿತ್ತು. ಸಾರ್ವಜನಿಕ ಉದ್ದಿಮೆಗಳು ಸೊರಗಿದವು. 2002ರಲ್ಲಿ ಎನ್‌ಜಿಇಎಫ್ ಬಾಗಿಲು ಮುಚ್ಚಿತು. ಆಟಗಾರನಿಗೆ ಬೆನ್ನೆಲುಬಾಗಿದ್ದ ಆ ವ್ಯವಸ್ಥೆ ಕುಸಿದ ಜಾಗದಲ್ಲೇ ಇಂದು ಮೂರನೆಯ ಮಹಡಿಯ ಜಿಮ್‌ಗಳ ಫಲಕಗಳು ಎದ್ದಿವೆ. ಹುಡುಗರನ್ನು ದೂಷಿಸುವ ಮುನ್ನ ನಾವು, ನಮ್ಮ ಸರಕಾರಗಳು ಅವರಿಗೆ ಏನನ್ನು ಉಳಿಸಿದ್ದೇವೆಂದು ಕೇಳಿಕೊಳ್ಳಬೇಕು. ಇಡೀ ಬಡಾವಣೆಯಲ್ಲಿ ಮಕ್ಕಳಿಗೆ ಆಡಲು ಯೋಗ್ಯವಾದ ಮೈದಾನವನ್ನು ತೋರಿಸಿ ಎಂದರೆ ಯಾವ ಕಡೆಗೆ ಕೈ ತೋರುವಿರಿ?

ಇಂದಿಗೂ ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದಲ್ಲಿ ಕುಸ್ತಿ, ಜೂಡೊ, ಬಾಕ್ಸಿಂಗ್ ಪಟುಗಳಿಗೆ ದಾರಿಯಿದೆ. 2026ರ ಏಷ್ಯನ್ ಕ್ರೀಡಾಕೂಟದ ಪಟ್ಟಿಗೆ ಮಿಶ್ರ ಸಮರ ಕಲೆಯನ್ನೂ ಸೇರಿಸಲಾಗಿದೆ. ಮುಂದೆ ಪರಿಸ್ಥಿತಿ ಬದಲಾಗಲೂಬಹುದು. ಖಬೀಬ್ ಸಹ ಮೊದಲು ಕುಸ್ತಿಪಟು, ಜೂಡೊ ಪಟು. ಪಂಜರ ಬಂದದ್ದು ಆಮೇಲೆ.

ಆ ತಾಯಿಗೆ ನಾವು ಕೊನೆಗೆ ಏನು ಹೇಳಿದೆವೆಂದರೆ, ಮಗನಿಗೆ ಬೇಡವೆನ್ನಬೇಡಿ, ಲೆಕ್ಕ ಕೇಳಿ ಎಂದೆವು. ಜಿಮ್‌ಗೆ ಅವನ ಜೊತೆ ತಂದೆಯೂ ಹೋಗಲಿ. ಅಲ್ಲಿಂದ ಈವರೆಗೆ ಎಷ್ಟು ಹುಡುಗರು ಇದರಿಂದಲೇ ಸಂಸಾರ ನಡೆಸುತ್ತಿದ್ದಾರೆ, ಪಂದ್ಯಕ್ಕೆ ಮುನ್ನ ತಲೆಯ ಸ್ಕ್ಯಾನ್ ಮಾಡಿಸುತ್ತೀರಾ, ವಿಮೆ ಯಾರ ಹೆಸರಿನಲ್ಲಿದೆ, ಅಂಕಣದ ಪಕ್ಕದಲ್ಲಿ ವೈದ್ಯರು ಯಾರಿರುತ್ತಾರೆ, ಮಗ ಬಿದ್ದರೆ ಯಾವ ಆಸ್ಪತ್ರೆಗೆ, ಯಾರ ಖರ್ಚಿನಲ್ಲಿ ಎಂದು ತಂದೆ ಕೇಳಲಿ. ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಮನೆಗೆ ತಂದು ಓದಲಿ; ಅನಾಹುತವಾದರೆ ನಾವು ಹೊಣೆಯಲ್ಲ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಚೀಟಿಯ ಹಣ ಮೂರನೆಯ ವರ್ಷದ ಶುಲ್ಕಕ್ಕೇ ಹೋಗಲಿ. ಸಂಜೆ ಎರಡು ಗಂಟೆ ಕುಸ್ತಿಯನ್ನೋ ಜೂಡೊವನ್ನೋ ಕಲಿಯಲಿ.

ಹುಡುಗ ಒಪ್ಪಿದನೇ ಎಂದು ನೀವು ಕೇಳಬಹುದು. ತಂದೆ ಕಳೆದ ಶನಿವಾರ ಆಟೋ ನಿಲ್ಲಿಸಿ ಜಿಮ್‌ಗೆ ಹೋಗಿ ಬಂದರಂತೆ. ಆಸ್ಪತ್ರೆಯ ಪ್ರಶ್ನೆಗೆ ಉತ್ತರ ಸಿಗಲಿಲ್ಲವಂತೆ. ಶುಲ್ಕ ಕಟ್ಟಲು ಕೊನೆಯ ದಿನ ಈ ತಿಂಗಳ ಇಪ್ಪತ್ತೆಂಟು. ಹುಡುಗ ಇನ್ನೂ ಮುಖ ಬಿಗಿದುಕೊಂಡೇ ಇದ್ದಾನೆ. ಇಂದು ಈ ಸಭೆಗೆ ಬಂದಿದ್ದಾನೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಯಾರೂ ತಿರುಗಿ ನೋಡಬೇಡಿ. ಮಗ್ರಿಬ್‌ಗೆ ಇನ್ನು ಹದಿನೈದು ನಿಮಿಷವಿದೆ, ಅಷ್ಟರೊಳಗೆ ಯುವಕರು ಪ್ರಶ್ನೆಗಳನ್ನು ಕೇಳಬಹುದು.